ತಕ್ಕಡಿಗಿಳಿದ ಗರುಡ

2031ರ ಮೇ 9, ಬೆಳಿಗ್ಗೆ 7 ಗಂಟೆ 40 ನಿಮಿಷ. ಮಲ್ಪೆಯ ಕಡಲತೀರದಲ್ಲಿ ತೇಜಪಾಲ ಕುಂದರ್ ತನ್ನ ಯಂತ್ರಗರುಡವನ್ನು ಡಿಜಿಟಲ್ ತಕ್ಕಡಿಯ ಮೇಲೆ ಕೂರಿಸಿ ಎದೆಯುಬ್ಬಿಸಿ ನಿಂತ. ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವ ಅವನದು ಒಂದೇ ವ್ರತ: ಪ್ರತಿ ಹಾರಾಟವೂ ತಕ್ಕಡಿಯಿಂದ ಶುರು, ತಕ್ಕಡಿಯಲ್ಲೇ ಮುಕ್ತಾಯ.

ಅವನ ಅಕ್ಕ ಕಲ್ಯಾಣಿಯ ಚಿಂತೆಯೆಲ್ಲ ಚಾಪೆಯ ಮೇಲೆ ಒಣಗುತ್ತಿದ್ದ ಬಂಗುಡೆಯದು. ಮಳೆಗಾಲದಲ್ಲಿ ದೋಣಿ ಕಡಲಿಗಿಳಿಯದಾಗ ಮನೆಮಂದಿಗೆಲ್ಲ ಅದೇ ಮೀನು. ಅದನ್ನು ಗರುಡಗಳು ದಿನವೂ ಎಗರಿಸುತ್ತಿದ್ದವು. ಕಲ್ಲೆಸೆಯೋಣವೆಂದರೆ ವಿಷ್ಣುವಿನ ವಾಹನ. ಕಂಡೊಡನೆ ಅವಳ ಕೈಗಳು ತಾವಾಗಿಯೇ ಮುಗಿಯುತ್ತಿದ್ದವು. ಕಳ್ಳರನ್ನು ಇಷ್ಟು ಭಕ್ತಿಯಿಂದ ಬರಮಾಡಿಕೊಳ್ಳುವವರು ಊರಲ್ಲಿ ಬೇರೆ ಯಾರೂ ಇರಲಿಲ್ಲ.

“ಇದು ಅವುಗಳನ್ನು ಓಡಿಸ್ತದೆ ಅಕ್ಕ. ಎರಡು ವರ್ಷ ಇಲ್ಲೇ ಕೂತು ಗರುಡಗಳ ಹಾರಾಟ ವೀಡಿಯೊ ಮಾಡಿ ಇದಕ್ಕೆ ಕಲಿಸಿದ್ದೇನೆ. ಬಾಲ ಒಂಚೂರು ತಿರುಚಿದ್ರೆ ಸಾಕು, ರೆಕ್ಕೆ ಬಡಿಯದೆ ತಿರುಗ್ತದೆ.”

“ಇಲ್ಲೇ ಅಂದ್ರೆ? ನನ್ನ ಚಾಪೆ ಹತ್ರವಾ?”

“ಮತ್ತೆಲ್ಲಿ? ಅವು ಚೆಂದ ತಿರುಗುವುದು ಇಲ್ಲೇ.”

ಯಂತ್ರ ಮೇಲೇರಿತು, ಬಾಲ ತಿರುಚಿತು, ಗಾಳಿಯಲ್ಲಿ ತೇಲಿತು. ನಿಜವಾದ ಗರುಡಗಳು ಗಾಬರಿಯಿಂದ ತೆಂಗಿನಮರ ಸೇರಿದವು. ಕಲ್ಯಾಣಿ ಅಭ್ಯಾಸಬಲದಿಂದ ಕೈಮುಗಿದಳು. ಅಷ್ಟರಲ್ಲಿ ಅದು ರೆಕ್ಕೆ ಮಡಚಿ ಎರಗಿ, ಒಂದು ಬಂಗುಡೆ ಎತ್ತಿ, ತಕ್ಕಡಿಗೆ ತಂದು ಹಾಕಿ, ಮತ್ತೆ ಹಾರಿತು.

“ಇದೆಂತದು ತೇಜು?”

ತೇಜಪಾಲನ ಮುಖ ಬಾಡಿತು. ಅವನು ನೋಡಿದ ಗರುಡಗಳ ಪ್ರತಿ ತಿರುವೂ ಮೀನಿನಲ್ಲೇ ಮುಗಿದಿತ್ತು. ಯಂತ್ರ ಅದನ್ನೂ ವಿದ್ಯೆಯೆಂದೇ ಕಲಿತಿತ್ತು.

“ತಿರುಗುವ ಕೋನ ಮಾತ್ರ ಸರಿಯಾಗಿದೆ ಅಕ್ಕ.”

“ಮಳೆಗಾಲದಲ್ಲಿ ಆ ಕೋನದ್ದೇ ಸಾರು ಮಾಡ್ತೇನೆ, ಉಣ್ಣು.”

ಅವನು ರಿಮೋಟ್ ಎತ್ತಿದ. ಬೆಳ್ಳಗೆ ಮಿನುಗುವ ರಿಮೋಟ್ ಯಂತ್ರಕ್ಕೆ ಬಂಗುಡೆಯಂತೆಯೇ ಕಂಡಿರಬೇಕು. ಅದೂ ತಕ್ಕಡಿ ಸೇರಿತು. ಮತ್ತೆ ಎತ್ತಿದಾಗಲೆಲ್ಲ ಯಂತ್ರ ಮತ್ತೆ ಕಸಿದು ಅಲ್ಲೇ ಹಾಕಿತು. ಚಾಪೆಗೆ ಬಲೆ ಹೊದಿಸಿದರು. ಯಂತ್ರ ಅಡ್ಡವಾಗಿ ವಾಲಿ, ಬಲೆಯ ಅಂಚಿನ ಸಂದಿನಲ್ಲೇ ನುಸುಳಿತು. ಚಾಪೆ ಖಾಲಿಯಾದಷ್ಟೂ ತಕ್ಕಡಿಯ ಮೇಲಿನ ರಾಶಿ ಬೆಳೆಯಿತು.

ಕಲ್ಯಾಣಿ ಪೊರಕೆ ಹಿಡಿದು ತಕ್ಕಡಿಯ ಬಳಿ ನಿಂತಳು. ಗರುಡ ಇಳಿಯಿತು. ಪೊರಕೆ ಕೆಳಗೆ ಬಿತ್ತು, ಕೈ ಮುಗಿಯಿತು.

“ಇದು ದೇವರಲ್ಲ ತಾನೆ?”

“ಅಲ್ಲ. ಅಲ್ಯೂಮಿನಿಯಂ.”

“ಹಾಗಾದ್ರೆ ಬಲೆ ಹುರಿ ತಾ. ನನ್ನ ಎರಡೂ ಕೈ ಪೊರಕೆಗೆ ಕಟ್ಟು.”

“ನನ್ನ ಎರಡು ವರ್ಷದ ಕೆಲಸ ಅಕ್ಕ ಅದು.”

“ನನ್ನದು ಇಡೀ ಮಳೆಗಾಲದ ಊಟ ಮಾರಾಯ. ಕಟ್ಟು.”

ಕಟ್ಟಿದ. ಗರುಡ ಕೊನೆಯ ಬಂಗುಡೆಯೊಂದಿಗೆ ಇಳಿಯಿತು. ಈ ಸಲ ಕೈ ಮುಗಿಯಲಿಲ್ಲ. ಒಂದೇ ಏಟಿಗೆ ಬಾಲ ಒಂದು ಕಡೆ, ರೆಕ್ಕೆ ಒಂದು ಕಡೆ ಮುರಿದು ಯಂತ್ರ ಮರಳಿಗೆ ಬಿತ್ತು.

ಮೀನೆಲ್ಲ ತಕ್ಕಡಿಯ ಮೇಲೆ ಭದ್ರವಾಗಿತ್ತು. ತೇಜಪಾಲ ವ್ರತ ಬಿಡದೆ ತೂಕ ನೋಡಲು ಬಾಗಿದ. ಅದೇ ಹೊತ್ತಿಗೆ ತೆಂಗಿನಮರದಿಂದ ನಿಜವಾದ ಗರುಡವೊಂದು ತೇಲಿ ಬಂದು, ಬಾಲ ಒಂಚೂರು ತಿರುಚಿ, ರಾಶಿಯಿಂದ ಒಂದನ್ನು ಎತ್ತಿಕೊಂಡು ಹೋಯಿತು. ಕಲ್ಯಾಣಿಗೆ ಹೊಡೆಯಲು ಮನಸ್ಸು ಬರಲಿಲ್ಲ, ಮುಗಿಯಲು ಕೈ ಬರಲಿಲ್ಲ.

ತಕ್ಕಡಿಯಲ್ಲಿ ಕಡಿಮೆಯಾದದ್ದು 92 ಗ್ರಾಂ.