ಮಾವ ಕೂತು ಹೋದ ಬಸ್ಸು

ನನ್ನ ಸೋದರಮಾವ ಆಟೋವನ್ನೂ ಹಿಂಬಾಗಿಲಿನಿಂದಲೇ ಹತ್ತಲು ಹೊರಟವರು ಎಂದರೆ ನೀವು ನಂಬಲಿಕ್ಕಿಲ್ಲ. ಆಟೋಗೆ ಹಿಂಬಾಗಿಲು ಎಲ್ಲಿದೆ ಎಂದು ನನ್ನನ್ನು ಕೇಳಬೇಡಿ. ಅದನ್ನೇ ಅವರು ಆಟೋದವನನ್ನು ಕೇಳುತ್ತಿದ್ದರು!

ಸಿಟಿ ಬಸ್ಸಿನ ಕೆಲಸದಿಂದ ನಿವೃತ್ತರಾದರೂ ಕಂಡಕ್ಟರ್‌ಗಿರಿ ಅವರನ್ನು ಬಿಟ್ಟಿರಲಿಲ್ಲ. ಸ್ಕೂಟರಿನಲ್ಲಿ ನನ್ನ ಹಿಂದೆ ಕೂತು "ರೈಟ್" ಅನ್ನುವವರೆಗೆ ನಾನು ಹೊರಡುವಂತಿರಲಿಲ್ಲ. ಒಮ್ಮೆ ಕುವೆಂಪುನಗರದ ನಮ್ಮ ಮನೆ ಮುಂದೆ ಅವರು ಹಾಗೆ ಅನ್ನುವುದನ್ನೇ ಮರೆತು, ಇಬ್ಬರೂ ಐದು ನಿಮಿಷ ಸುಮ್ಮನೆ ಕೂತಿದ್ದೆವು. ಒಂದು ಮದುವೆ ಊಟದಲ್ಲಂತೂ "ಮುಂದೆ ಹೋಗಿ, ಒಳಗೆ ಜಾಗ ಇದೆ" ಎಂದು ಬೀಗರನ್ನು ತಳ್ಳಿ ತಳ್ಳಿ ಅಡುಗೆಮನೆಗೇ ಮುಟ್ಟಿಸಿದರು. ಆ ಬೀಗರು ಇವತ್ತಿಗೂ ನಮ್ಮ ಮನೆ ಕಡೆ ತಲೆ ಹಾಕುವುದಿಲ್ಲ.

ಇದಕ್ಕೆಲ್ಲ ಮೂಲ ಒಂದು ಬಸ್ಸು. ಐವತ್ತರ ದಶಕದ್ದು, ಮೂತಿ ಮುಂದಕ್ಕೆ ಚಾಚಿದ್ದು. ಅಗ್ರಹಾರದಿಂದ ನಜರ್‌ಬಾದಿಗೆ ಓಡುತ್ತಿತ್ತು. ಮಾವ ಕೆಲಸಕ್ಕೆ ಸೇರಿದ್ದೇ ಅದರಲ್ಲಿ. ಆಮೇಲೆ ಅದು ಯಾವುದೋ ಶೆಡ್ಡು ಸೇರಿ, ಕೋಳಿಗಳು ಮೊಟ್ಟೆಯಿಡುವ ಮಟ್ಟಕ್ಕೆ ಇಳಿದು, ಕೊನೆಗೆ ಹಳೇ ಗಾಡಿಗಳ ಹುಚ್ಚಿನ ಡಾಕ್ಟರೊಬ್ಬರ ಕಣ್ಣಿಗೆ ಬಿತ್ತು. ಅವರು ರಿಪೇರಿ ಮಾಡಿಸುವಾಗ ಮಾವ ದಿನಾ ಹಾಜರ್. ಯಾವ ಕಿಟಕಿ ಯಾವಾಗ ಒಡೆಯಿತು, ಯಾವ ಸೀಟಿನಲ್ಲಿ ಯಾವ ಮೇಷ್ಟ್ರು ನಿದ್ದೆ ಹೊಡೆಯುತ್ತಿದ್ದರು, ಎಲ್ಲ ಬಾಯಿಪಾಠ. ಬೆಲ್ಲಿನ ಹಗ್ಗ ಎತ್ತರವಾಯಿತೆಂದು ಮೂರು ಸಲ ಬಿಚ್ಚಿಸಿದರು. ಎಲ್ಲಿ ಕಟ್ಟಬೇಕು ನೀವೇ ತೋರಿಸಿ ಎಂದು ಮೆಕ್ಯಾನಿಕ್ ರೇಗಿದ. ಮಾವ ಹಿಂಬಾಗಿಲ ಬಳಿ ನಿಂತು, ಕಣ್ಣು ಮುಚ್ಚಿ, ಬಲಗೈ ಎತ್ತಿದರು. ಅವನು ಅಲ್ಲೇ ಕಟ್ಟಿದ.

ಬಸ್ಸು ಮತ್ತೆ ಹೊರಡುವ ದಿನ ಗೊತ್ತಾಯಿತು. ಅರಮನೆ ಸುತ್ತ ಒಂದೇ ಸುತ್ತು. ಮಾವ ನನ್ನ ಬೆನ್ನು ಬಿದ್ದರು.

"ಡಾಕ್ಟ್ರಿಗೆ ನೀನೇ ಒಂದ್ಮಾತು ಹೇಳ್ಬುಡು ಕಣೋ. ನಾನೂ ಒಂದು ರೌಂಡ್ ಹೋಗ್ಬೇಕು."

ಹೇಗೆ ಹೋಗಬೇಕು ಎಂದು ನಾನು ಕೇಳಲಿಲ್ಲ. ಎಂಬತ್ತು ದಾಟಿದವರು, ನಿಲ್ಲಿಸಬೇಡಿ, ಮುಂದಿನ ಸೀಟು ಕೊಟ್ಟು ಗೌರವಿಸಿ ಎಂದು ಡಾಕ್ಟರಿಗೆ ಹೇಳಿಬಿಟ್ಟೆ. ಗೌರವಿಸುವುದರಲ್ಲಿ ನಮ್ಮ ಮೈಸೂರಿನವರನ್ನು ಮೀರಿಸುವವರುಂಟೇ? ಪೇಟ ತೊಡಿಸಿ, ಶಾಲು ಹೊದಿಸಿ, ಹಾರ ಹಾಕಿ, ಹಣ್ಣಿನ ಬುಟ್ಟಿಯನ್ನು ತೊಡೆ ಮೇಲಿಟ್ಟು ಡ್ರೈವರ್ ಹಿಂದೆ ಕೂರಿಸಿದರು. ಏಳಬೇಕೆಂದರೂ ಏಳುವ ಹಾಗಿರಲಿಲ್ಲ!

ಹಿಂಬಾಗಿಲಲ್ಲಿ ಡಾಕ್ಟರು ಕರೆಸಿದ್ದ ನಾಟಕದವನೊಬ್ಬ ಕಂಡಕ್ಟರ್ ವೇಷ ತೊಟ್ಟು ನಿಂತಿದ್ದ. ಒಂದು ಬೆಲ್ ಅಂದರೆ ನಿಲ್ಲಬೇಕು, ಎರಡು ಅಂದರೆ ಹೊರಡಬೇಕು. ಪುಣ್ಯಾತ್ಮ ಉಲ್ಟಾ ಹೊಡೆಯುತ್ತಿದ್ದ. ಪ್ರತಿ ಸಲವೂ ಮಾವನ ಕೈ ಬುಟ್ಟಿ ಬಿಟ್ಟು ಮೇಲೇಳುತ್ತಿತ್ತು, ಮತ್ತೆ ಬುಟ್ಟಿಗೆ ಇಳಿಯುತ್ತಿತ್ತು. ನಾನು ಪಕ್ಕದಲ್ಲೇ ಕೂತು ಫೋಟೋ ತೆಗೆಯುತ್ತಿದ್ದೆ. ಎಂಥ ಪೆದ್ದ ನಾನು!

ಮನೆಗೆ ಬಂದ ಮೇಲೆ, ಹೇಗಿತ್ತು ಎಂದು ಕೇಳಿದೆ.

"ಸೀಟು ಮೆತ್ತಗಿತ್ತು. ಅಷ್ಟು ವರ್ಷ ಅದ್ರಲ್ಲೇ ಇದ್ರೂ ಒಂದಿನಾನೂ ಕೂತಿರ್ಲಿಲ್ಲ ನೋಡು," ಅಂದರು.

ಸೆಖೆಯಲ್ಲಿ ಪಾಪ ಒದ್ದಾಡುತ್ತಿದ್ದರು. ಶಾಲು ತೆಗೆದು, ಜುಬ್ಬ ಬಿಚ್ಚಿಸಿದೆ. ಒಳಗೆ ಅವರ ಖಾಕಿ ಶರ್ಟು! ಇಸ್ತ್ರಿ ಹಾಕಿದ್ದು, ಹೊರಗೆ ಕಾಣದಂತೆ ಕಾಲರ್ ಒಳಕ್ಕೆ ಮಡಚಿದ್ದು, ಬೆವರಿನಲ್ಲಿ ಪೂರಾ ನೆಂದಿತ್ತು.

"ಯಾರಾದ್ರೂ ಬಾ ಅಂದ್ರೆ ಇರ್ಲಿ ಅಂತ ಹಾಕ್ಕೊಂಡಿದ್ದೆ ಕಣೋ."

ಮುಂದಿನ ಸಲ ನೀವೇ ಹಗ್ಗ ಹಿಡಿಯಬೇಕು ಮಾವ ಎಂದೆ. ಆಗಲಿ ಬಿಡು ಎಂದು ನನ್ನ ಬೆನ್ನು ಸವರಿದರು, ಸೋತವನು ನಾನೇ ಎಂಬಂತೆ. ಮುಂದಿನ ವರ್ಷ ಬಸ್ಸು ಹೊರಟಾಗ ಮಾವ ಇರಲಿಲ್ಲ. ನಾನು ಹತ್ತಲಿಲ್ಲ. ಫುಟ್‌ಪಾತಿನಲ್ಲಿ ನಿಂತು, ಅದು ತಿರುವು ದಾಟುವವರೆಗೂ ಹಿಂಬಾಗಿಲನ್ನೇ ನೋಡುತ್ತಿದ್ದೆ.