ಗುದ್ದಿದವ ‘ತಪ್ಪು ನಂದು’ ಅಂದಾಗ

ನಾ ಇವತ್ತಿನ ತನಕ ಯಾರ ಕಡೆಯಿಂದಾನೂ ಮೋಸ ಹೋದವ ಅಲ್ಲ. ಜಂಭ ಕೊಚ್ಚಾಕ ಹೇಳಾಕತ್ತಿಲ್ಲ, ಹಾವೇರಿ ಪ್ಯಾಟಿ ಮಂದಿಗೆಲ್ಲಾ ಗೊತ್ತಿರೋ ಸಂಗತಿ ಇದು. ನಂದು ಭಾಂಡೆ ಅಂಗಡಿ. ಸ್ಟೀಲ್ ಕೊಡ, ಹಿತ್ತಾಳಿ ತಂಬಿಗಿ, ಏನ ಬರ್ಲಿ, ಬೆರಳಿಲೆ ಟಣ್ ಅಂತ ಬಾರಿಸಿ, ಕಿವಿಗೊಟ್ಟು ಕೇಳಿ, ಆಮ್ಯಾಲೆ ಒಳಗ ಇಟ್ಕೊಳ್ಳಾವ ನಾ. ಅದ ರೂಢಿ ಮನಿಗೂ ಬಂದೈತಿ. ಕಲ್ಲಂಗಡಿ ಬಾರಿಸ್ತೇನಿ, ಬಾಗಲಾ ಬಾರಿಸ್ತೇನಿ. ಲಗ್ನದಾಗ ಮಾವನವರು ಕೊಟ್ಟ ತಾಮ್ರದ ಹಂಡೇನ ಬೀಗರ ಮುಂದನ ಬಾರಿಸಿ ನೋಡಿದ್ದಕ್ಕ, ಅವರು ಇವತ್ತಿಗೂ ನನ್ನ ಕೂಡ ಸರಿಯಾಗಿ ಮಾತಾಡಂಗಿಲ್ಲ. ಬಿಡ್ಲಿ. ಹಂಡೆ ಮಾತ್ರ ಛಲೋ ಐತಿ!

ಇಂಥಾ ನನ್ನ ಕೈಯಾಗ ಒಂದು ರವಿವಾರ ನನ್ನ ಹೆಂಡ್ತಿ ಗಿರಿಜಾ ತನ್ನ ಕಾರಿನ ಚಾವಿ ಕೊಟ್ಲು. ಆಕಿ ಅಗಡಿ ಹೈಸ್ಕೂಲಿನ್ಯಾಗ ಗಣಿತ ಕಲಿಸ್ತಾಳ. ಕಾರು ಆಕಿ ತನ್ನ ಪಗಾರದಾಗ ತಗೊಂಡದ್ದು. ಹಳೇದು. ಎಡಗಡೆ ಬಾಗಲಾ ಒಳಗಿಂದನ ತಗೀಬೇಕು, ಬಲಗಡೇದು ಹೊರಗಿಂದನ ತಗೀಬೇಕು. ಆದ್ರ ಆಕಿಗೆ ಅದರ ಮ್ಯಾಲೆ ಜೀವ. ಬಸ್ಸಿನ ದಾರಿ ಕಾಯದ, ಯಾರಿಗೂ ‘ಸ್ವಲ್ಪ ಬಿಟ್ಟು ಬರ್ರಿ’ ಅನ್ನದ, ತನ್ನ ಪಾಡಿಗೆ ತಾನು ಶಾಲಿಗೆ ಹೋಗಿ ಬರ್ತಾಳ.

“ಬ್ಯಾಡಗಿಗೆ ಹೋಗಿ ವರ್ಷದ ಖಾರಕ್ಕ ಮೆಣಸಿನಕಾಯಿ ತರ್ರಿ. ಕಾರು ಹೆಂಗ ಕೊಟ್ಟೇನಿ, ಹಂಗ ತಂದು ನಿಲ್ಲಸ್ರಿ,” ಅಂದ್ಲು.

“ಹೋಗಿ ಬರೋದು ಏನ ದೊಡ್ಡ ಕೆಲಸ!” ಅಂದೆ.

ಬ್ಯಾಡಗಿಯೊಳಗ ನನಗೊಂದು ತ್ರಾಸ ಆತು. ಮೆಣಸಿನಕಾಯಿ ಬಾರಿಸಿ ನೋಡಾಕ ಬರಂಗಿಲ್ಲ. ದೊಡ್ಡ ಅಂಗಡಿಯವರೆಲ್ಲಾ ನನ್ನ ಮಾರಿ ನೋಡಿದ ಕೂಡ್ಲೆ ‘ಬರ್ರಿ, ಕುಂದ್ರಿ, ಚಾ ಕುಡೀರಿ’ ಅಂದ್ರು. ಪುಕ್ಕಟೆ ಚಾ ಕೊಡಾವ ಟೋಪಿ ಹಾಕದ ಬಿಡ್ತಾನೇನು? ಅಲ್ಲಿಂದ ಎದ್ದು, ಒಂದು ಸಂದಿಯೊಳಗ ಕುಂತಿದ್ದ ಪಾಪದ ಮಾರಿ ಮನುಷ್ಯಾನ ಕಡೆ ಜಗ್ಗಾಡಿ ಎರಡು ಚೀಲ ತಗೊಂಡು, ಕಾರಿನ ಹಿಂದ ತುರುಕಿ ಊರ ದಾರಿ ಹಿಡದೆ.

ಮೋಟೆಬೆನ್ನೂರ ದಾಟಿದ ಮ್ಯಾಲೆ ಕನ್ನಡಿಯೊಳಗ ಒಂದು ಜೀಪು ಕಾಣ್ತು. ನಾ ಸಾವಕಾಶ ಹೋದ್ರ ಅದೂ ಸಾವಕಾಶ. ನಾ ಜೋರು ಬಿಟ್ರ ಅದೂ ಜೋರು. ಹಾವೇರಿಗೆ ಹೋಗಾವ ಹಾವೇರಿ ರಸ್ತೇದಾಗ ಬರದ ಮತ್ತೆಲ್ಲಿ ಹೋಗಬೇಕು ಅನ್ನೋ ವಿಚಾರ ನನಗ ಹೊಳೀಲಿಲ್ಲ. ‘ಚೀಲ ನೋಡ್ಯಾನ ಮಗ! ಬೆನ್ನ ಹತ್ಯಾನ!’ ಅಂತ ಖಾತ್ರಿ ಆತು. ಅಂವ ಮುಂದ ಹೋಗ್ಲಿ, ನಂಬರ್ ಬರಕೊಳ್ಳೋಣು ಅಂತ ಗಪ್ಪನ ಬ್ರೇಕ್ ತುಳದೆ.

ಜೀಪು ಮುಂದ ಹೋಗ್ಲಿಲ್ಲ. ಒಳಗ ಬಂತು!

ಧಡ್ ಅಂತ ಸಪ್ಪಳ. ಕುತ್ತಿಗಿ ಒಮ್ಮೆ ಮುಂದ ಹೋಗಿ ಹಿಂದ ಬಂತು. ಅದರ ಹಿಂದನ ಎರಡೂ ಚೀಲ ಹರದು ಕಾರಿನ ತುಂಬ ಕೆಂಪು ಧೂಳು ಎದ್ದಿತು. ನಾ ಸೀನಕೊಂತ, ಕೆಮ್ಮಕೊಂತ, ಕಣ್ಣೊರಿಸಿಕೊಂತ ಹೊರಗ ಬಿದ್ದೆ. ಜೀಪಿನಿಂದ ಒಬ್ಬ ಬಿಳೇ ಗಡ್ಡದ ಮನುಷ್ಯಾ ಇಳದು ನನ್ನ ಕಡೆ ಓಡಿ ಬಂದ. ಧೂಳು ಅವಂಗೂ ಬಡೀತು. ಇಬ್ಬರೂ ನಡುರಸ್ತೇದಾಗ ಒಬ್ಬರ ಮುಂದ ಒಬ್ಬರು ನಿಂತು ಗಳಗಳ ಕಣ್ಣೀರು ಹಾಕಾಕತ್ತಿದ್ವಿ. ಹೊಲದಾಗಿನ ಮಂದಿ ಕೂಡಿದ್ರು. ಒಬ್ಬ ಅಜ್ಜ ರುಮಾಲು ತಗದು ಕೈಯಾಗ ಹಿಡಕೊಂಡು, “ಎಷ್ಟು ವಯಸ್ಸಾಗಿತ್ತು ತಮ್ಮಾ ಅವರಿಗೆ?” ಅಂತ ಕೇಳಿದ.

“ಯಾರೂ ಸತ್ತಿಲ್ಲೋ ಯಪ್ಪಾ!” ಅಂದೆ. ಅಜ್ಜಗ ಸ್ವಲ್ಪ ಬ್ಯಾಸರ ಆದಂಗ ಕಾಣ್ತು.

ಆಗ ಬಿಳೇ ಗಡ್ಡದವ ನನ್ನ ಕೈ ಹಿಡದು, “ತಪ್ಪು ನಂದ್ರಿ ಸಾವಕಾರ್ರ. ನಾ ಅಂತರ ಬಿಟ್ಟು ಬರಬೇಕಾಗಿತ್ತು. ನನ್ನ ಹೆಸರು ದಸ್ತಗೀರಸಾಬ, ಬ್ಯಾಡಗಿಯಿಂದ ಈ ಜೀಪಿನ್ಯಾಗ ಮೆಣಸಿನಕಾಯಿ ಚೀಲ ಬಾಡಗಿಗೆ ಸಾಗಸ್ತೇನಿ. ನಮ್ಮ ಅಳಿಯಾಂದು ಗ್ಯಾರೇಜ್ ಐತಿ. ನಿಮ್ಮ ಕಾರು ಮೊದಲ ಇದ್ದಂಗ ಮಾಡಿಸಿ ಮನಿ ಮುಂದ ತಂದು ನಿಲ್ಲಸ್ತೇನ್ರಿ,” ಅಂದ.

ನಾ ಕೈ ಬಿಡಿಸಿಕೊಂಡೆ. ಗುದ್ದಿದವ ತಪ್ಪು ಒಪ್ಪಿಕೊಳ್ಳೋದಂದ್ರೇನು! ಹುಟ್ಟಿದಾಗಿಂದ ಇಂಥಾದ್ದು ಕಂಡಿದ್ದಿಲ್ಲ, ಕೇಳಿದ್ದಿಲ್ಲ. ಗುದ್ದಿದವ ಮೊದಲ ಬೈಬೇಕು. ‘ಕಣ್ಣು ಕಾಣಂಗಿಲ್ಲೇನಲೇ’ ಅನ್ನಬೇಕು. ನಾವೂ ಅನ್ನಬೇಕು. ಅದು ನಾಕು ಮಂದಿ ನಡಕೊಂಡು ಬಂದ ಪದ್ಧತಿ. ಇಂವ ಬೈಲಿಲ್ಲ ಅಂದ್ರ ಒಳಗ ಏನೋ ಭಾರೀ ಮಸಲತ್ತು ಐತಿ. ಅದೂ ಅಲ್ದ, ನಾ ಸಾವಕಾರ ಅಂತ ಇವಂಗ ಹೆಂಗ ಗೊತ್ತಾತು?

“ನಿಮ್ಮ ಅಳಿಯಾನ ಗ್ಯಾರೇಜ್ ನನಗ ಬ್ಯಾಡ. ಎಲ್ಲಾ ಕಾನೂನಿನ ಪ್ರಕಾರ ಆಗ್ಲಿ,” ಅಂತ ಗಂಭೀರವಾಗಿ ನುಡಿದು, ಎರಡು ಸಲ ಸೀನಿ, ಕಾರು ಹತ್ತಿದೆ.

ಮನ್ಯಾಗ ಗಿರಿಜಾ ಮೊದಲ ನನ್ನ ತಲಿ, ಭುಜ, ಕೈ ಎಲ್ಲಾ ಮುಟ್ಟಿ ನೋಡಿದ್ಲು. “ನಿಮಗೇನರೆ ಆತೇನ್ರಿ?” ಅಂದ್ಲು. ಕುತ್ತಿಗಿ ಸ್ವಲ್ಪ ಹಿಡದೈತಿ ಅಂದೆ. ಆಮ್ಯಾಲೆ ಹೊರಗ ಹೋಗಿ ಕಾರಿನ ಹಿಂದ ನಿಂತ್ಲು. ಬೈತಾಳ ಅನ್ಕೊಂಡಿದ್ದೆ. ಬೈಲಿಲ್ಲ. ಆಕಿ ಕಣ್ಣಾಗ ನೀರು ಬಂದಿತ್ತು. ನನಗೂ ಕೆಟ್ಟ ಅನಿಸ್ತು. ಆದ್ರ ಆಕಿ ಕಣ್ಣೊರಿಸಿಕೊಂತ ಒಂದು ಕಾಯಿ ಎತ್ತಿ ಹಿಡದು, “ಇದ್ಯಾವ ಮೆಣಸಿನಕಾಯಿ ತಂದೀರಿ? ಬ್ಯಾಡಗಿ ಕಾಯಿ ಬಣ್ಣ ಜಾಸ್ತಿ, ಖಾರ ಕಮ್ಮಿ. ಇದನ್ನ ನೋಡ್ರಿ, ಇಡೀ ಓಣಿ ಸೀನಾಕತ್ತೈತಿ!” ಅಂದ್ಲು.

ಆ ಪಾಪದ ಮಾರಿಯವ! ಇರ್ಲಿ. ಅದು ಮೋಸ ಅಲ್ಲ, ನನ್ನ ಗಮನ ಬ್ಯಾರೆ ಕಡೆ ಇತ್ತು.

ಕಾರಿಗೆ ಇನ್ಶೂರನ್ಸ್ ಮಾಡಿಸಿದಾವ ನಾನ. ಏಜೆಂಟ ದೊಡ್ಡ ಪಾಲಿಸಿ ಮಾಡಸ್ರಿ ಅಂತ ಕಾಲಿಗೆ ಬೀಳೋದೊಂದು ಬಾಕಿ. ಅಂವ ಅಷ್ಟು ಹೇಳ್ತಾನಂದ್ರ ಅವಂಗ ಲಾಭ ಇರಬೇಕು ಅಂತ, ಎಲ್ಲಾಕಿಂತ ಸಣ್ಣ ಪಾಲಿಸಿ ತಗೊಂಡಿದ್ದೆ. ಈಗ ಕನ್ನಡಕ ಹಾಕ್ಕೊಂಡು ಓದಿದ್ರ, ನಾ ಯಾರಿಗರೆ ಗುದ್ದಿದ್ರ ಅವರಿಗೆ ಪರಿಹಾರ ಐತಿ, ನನಗ ಏನೂ ಇಲ್ಲ! ಜಗತ್ತಿನ್ಯಾಗ ಯಾರನ್ನೂ ನಂಬದ ನಾ, ಇಷ್ಟು ವರ್ಷ ಆ ಜಗತ್ತಿನ ರಕ್ಷಣಾಕ್ಕ ರೊಕ್ಕ ತುಂಬಿದ್ದೆ.

ಸಲಹೆ ಕೊಡಾಕ ಎದುರು ಮನಿ ಚನ್ನಬಸಪ್ಪನವರು ಬಂದ್ರು. ಕೋರ್ಟಿನ ಬಾಗಲದಾಗ ನಿಂತು ಮಂದಿ ಹೆಸರು ಕೂಗೋ ಕೆಲಸ ಮಾಡಿ ರಿಟೈರ್ ಆದವರು. ಒಳಗ ಏನ ನಡೀತಿತ್ತೋ ಅವರಿಗೆ ಗೊತ್ತಿಲ್ಲ, ಆದ್ರ ಕಾನೂನು ಬಾಯಿಪಾಠ. “ಗುದ್ದಿದವನ ಇನ್ಶೂರನ್ಸ್ ಕಂಪನಿ ಮ್ಯಾಲೆ ಹಾಕ್ರಿ. ಪೊಲೀಸ್ ಕಂಪ್ಲೇಂಟ್ ಕೊಡ್ರಿ. ಕಾರು ಮುಟ್ಟಬ್ಯಾಡ್ರಿ, ಅದು ಸಾಕ್ಷಿ! ಕುತ್ತಿಗಿಗೆ ಒಂದು ಬೆಲ್ಟ್ ಹಾಕ್ಕೊಳ್ರಿ. ಬೆಲ್ಟ್ ಇಲ್ಲದ ಕುತ್ತಿಗಿ ಯಾರೂ ನಂಬಂಗಿಲ್ಲ,” ಅಂದ್ರು.

ರಾಣೆಬೆನ್ನೂರಿಗೆ ಹೋಗಿ ಎಲುಬಿನ ಡಾಕ್ಟರಿಗೆ ತೋರಿಸಿದೆ. ಅವರು ಎಕ್ಸರೇ ಬೆಳಕಿಗೆ ಹಿಡದು, “ಎಲ್ಲಾ ನೆಟ್ಟಗೈತ್ರಿ. ಸ್ವಲ್ಪ ಉಳಕೈತಿ, ಅಷ್ಟ,” ಅಂದ್ರು.

“ಇದು ನನ್ನ ಕುತ್ತಿಗೀನ ಅನ್ನಾಕ ಏನ ಸಾಕ್ಷಿ?” ಅಂತ ಕೇಳಿದೆ.

ಡಾಕ್ಟರು ಬೆಲ್ಟ್ ಬರದು ಕೊಟ್ರು. ಪೊಲೀಸ್ ಠಾಣೇದಾಗ ಕಾರಿನ ಒಳಗಿನ ಫೋಟೋ ತೋರಿಸಿದೆ. ಸೀಟು, ಗಾಜು, ಎಲ್ಲಾ ಕೆಂಪ. ಹವಾಲ್ದಾರ ನೋಡಿದವನ ಟೊಪ್ಪಿಗಿ ತಗದು ಟೇಬಲ್ ಮ್ಯಾಲೆ ಇಟ್ಟ. “ಎಷ್ಟು ಮಂದಿರಿ?” ಅಂದ. ಮೆಣಸಿನಕಾಯಿ ಅಂತ ಹೇಳಿದ ಮ್ಯಾಲೆ ಅಂವ ನನ್ನ ನೋಡಿದ ರೀತಿ ನನಗ ಸೇರಲಿಲ್ಲ. ಗುದ್ದಿದವರ ಕಡೆಯಿಂದ ಏನರೆ ತಿಂದಾನೇನೋ ಅಂತ ಅಲ್ಲೇ ಸಂಶಯ ಬಂತು.

ದಿನ ಉರುಳಿದ್ವು. ಸಾಕ್ಷಿ ಮನಿ ಮುಂದ ನಿಂತ ಇತ್ತು. ಯಾರೂ ಮುಟ್ಟಬಾರದಂತ ಸುತ್ತ ಹಗ್ಗ ಕಟ್ಟಿದ್ದೆ. ಎದುರು ಮನಿ ಬೆಕ್ಕು ಅದರೊಳಗ ಮರಿ ಹಾಕಾಕ ಹೋಗಿ, ಸೀನಿ, ವಾಪಸ್ ಬಂತು. ಗಿರಿಜಾ ಮಾತ್ರ ಬಸ್ಸಿನ್ಯಾಗ ನಿಂತಕೊಂಡು ಅಗಡಿಗೆ ಹೋಗ್ತಿದ್ಲು. ಹತ್ತನೇ ಕ್ಲಾಸಿನ ಹುಡುಗ್ರಿಗೆ ಮುಂಜಾನಿ ತಗೊಳ್ತಿದ್ದ ಹೆಚ್ಚಿನ ಪಾಠ ನಿಂತು ಹೋತು. ಒಂದಿನ ಹೊತ್ತಾಗಿ ಹೋಗಿ ಹೆಡ್ಮಾಸ್ತರ ಕಡೆ ಅನ್ನಿಸಿಕೊಂಡು ಬಂದು, ಚೀಲ ಕುರ್ಚಿ ಮ್ಯಾಲೆ ಒಗದು ಹೇಳಿದ್ಲು: “ನನಗ ನಿಮ್ಮ ನ್ಯಾಯ ಬ್ಯಾಡ್ರಿ. ನನ್ನ ಕಾರು ಬೇಕು. ಆ ಮನುಷ್ಯಾರು ಮಾಡಿಸಿ ಕೊಡ್ತೇನಿ ಅಂದ್ರೂ ನೀವು ಬ್ಯಾಡ ಅಂದೀರಿ. ನಂದು ಕಾರು, ನಿಮ್ಮದು ಸಂಶಯ. ಎರಡರಾಗ ಯಾವುದನ್ನ ಮನಿ ಮುಂದ ಇಟ್ಕೋಬೇಕು ನೋಡ್ರಿ!”

“ಇನ್ನೊಂದು ಸ್ವಲ್ಪ ತಡಿ. ಜೀಪಿನ ಇನ್ಶೂರನ್ಸ್ ಮ್ಯಾಲೆ ಕ್ಲೇಮು ಹಾಕೇನಿ, ಕಂಪನಿಯವರು ಬರ್ತಾರ,” ಅಂದೆ.

ಕಂಪನಿಯವರಿಗಿಂತ ಮೊದಲ ದಸ್ತಗೀರಸಾಬ್ರು ಬಂದ್ರು. ಪೆಟ್ಟು ಬಿದ್ದವರನ್ನ ಮಾತಾಡಿಸಾಕ ಬರಗೈಲೆ ಬರಬಾರದಂತ ಬಾಳೆಹಣ್ಣು, ಮತ್ತ ಅವರ ತಾಯಿ ಕಾಸಿ ಕೊಟ್ಟ ಒಂದು ಶೀಶೆ ಎಣ್ಣಿ. ನಾ ಬಾಳೆಹಣ್ಣು ಬಾರಿಸಿ ನೋಡಿದೆ. ಎಣ್ಣಿ ಮೂಸಿ ನೋಡಿದೆ. ಗಿರಿಜಾಗ ತಡೀಲಿಲ್ಲ. “ಸಾಕ್ ಮಾಡ್ರಿ! ಬೆಲ್ಟ್ ತಗೀರಿ, ಅಂಗಿ ಕಳೀರಿ, ಕುಂದ್ರಿ!” ಅಂತ ಒದರಿದ್ಲು. ಕುಂತೆ. ದಸ್ತಗೀರಸಾಬ್ರು ನನ್ನ ಹಿಂದ ಕುಂತು ಕುತ್ತಿಗಿ ತಿಕ್ಕಾಕತ್ತಿದ್ರು. ಅವರ ಕೈ ಬಿದ್ದಲ್ಲಿ ನೋವು ಇಳೀತು. ಗಿರಿಜಾ ಒಗ್ಗರಣಿ ಮಂಡಕ್ಕಿ ತಂದಿಟ್ಲು. ಸುಖದಾಗ ನನ್ನ ಕಣ್ಣು ಮುಚ್ಚಿದ್ವು.

ಅಷ್ಟರಾಗ ಬಾಗಲದಾಗ ಯಾರೋ ಕೆಮ್ಮಿದ್ರು. ನೋಡಿದ್ರ, ಇನ್ಶೂರನ್ಸ್ ಕಂಪನಿ ತನಿಖೆ ಸಾಹೇಬ!

ಅವರು ಮೊಳಿಗೆ ತೂಗಾಕತ್ತಿದ್ದ ಬೆಲ್ಟ್ ನೋಡಿದ್ರು. ಎಣ್ಣಿ ಹೊಳಿಯೋ ನನ್ನ ಕುತ್ತಿಗಿ ನೋಡಿದ್ರು. “ಇವರು ಯಾರ್ರಿ?” ಅಂತ ದಸ್ತಗೀರಸಾಬ್ರ ಕಡೆ ಬೆರಳು ಮಾಡಿದ್ರು.

“ಇವರ ರೀ, ಗುದ್ದಿದವರು. ಬರ್ರಿ, ಮಂಡಕ್ಕಿ ತಿನ್ನರಿ,” ಅಂದ್ಲು ಗಿರಿಜಾ, ಪಾಪ.

ಸಾಹೇಬ್ರು ಮಂಡಕ್ಕಿ ಮುಟ್ಟಲಿಲ್ಲ. “ಗುದ್ದಿದವರು ಗುದ್ದಿಸಿಕೊಂಡವರಿಗೆ ಎಣ್ಣಿ ಹಚ್ಚತಾರೇನು? ತಪ್ಪು ನಂದು ಅಂತ ಬರದು ಬ್ಯಾರೆ ಕೊಟ್ಟಾರ! ನನ್ನ ಸರ್ವೀಸಿನ್ಯಾಗ ಇಂಥಾದ್ದು ಕಂಡಿಲ್ಲ. ಇಬ್ಬರೂ ಕೂಡೇ ಮಾಡೀರಿ ಹೌದಲ್ಲೋ? ನಡುರಸ್ತೇದಾಗ ಬ್ರೇಕ್ ಯಾಕ ಹಾಕಿದ್ರಿ ಹೇಳ್ರಿ!”

“ಅವರು ಕಳ್ಳರು ಅಂತ ಹಾಕಿದೆ,” ಅಂದೆ.

“ಈಗ?”

“ಈಗ ಇಲ್ರಿ! ಭಾಳ ಸಾಚಾ ಮನುಷ್ಯಾರು! ದೇವರಾಣಿ, ಇವರಂಥಾ ನಂಬಿಗಸ್ತ ಜಿಲ್ಲಾದಾಗ ಸಿಗಂಗಿಲ್ಲ!” ಅಂತ ಎದ್ದು ನಿಂತು ಒದರಿದೆ. ಜನ್ಮದಾಗ ಮೊದಲ ಸಲ ಒಬ್ಬರ ಪರವಾಗಿ ಜಾಮೀನು ಮಾತಾಡಿದ್ದೆ. ಸಾಹೇಬ್ರು ನಂಬಲಿಲ್ಲ. ನಾ ಒದರುವಾಗ ಕುತ್ತಿಗಿ ಎಷ್ಟು ಚಂದ ಆ ಕಡೆ ಈ ಕಡೆ ತಿರಗ್ತು ಅನ್ನೋದನ್ನ ಮಾತ್ರ ಮೊಬೈಲಿನ್ಯಾಗ ಹಿಡಕೊಂಡು ಹೋದ್ರು. ಕ್ಲೇಮು ಅಲ್ಲಿಗೆ ಮುಗೀತು.

ಗಿರಿಜಾ ನನ್ನ ಒಂದು ಮಾತೂ ಕೇಳಲಿಲ್ಲ. ಹಗ್ಗ ಬಿಚ್ಚಿ, ಚಾವಿ ತಗೊಂಡು ಹೋಗಿ ದಸ್ತಗೀರಸಾಬ್ರ ಕೈಯಾಗ ಕೊಟ್ಲು. “ಅಣ್ಣಾ, ನಿಮ್ಮ ಅಳಿಯಾಗ ಹೇಳಿ ಲಗೂನ ಮಾಡಿಸಿ ಕೊಡ್ರಿ,” ಅಂದ್ಲು.

“ಆತ್ರಿ ಅಕ್ಕಾರ,” ಅಂದ್ರು ಅವರು.

ಮುಂದಿನ ಸೋಮವಾರ ಮುಂಜಾನೆ ಕಾರು ಬಂತು. ಎರಡೂ ಬಾಗಲಾ ಎರಡೂ ಕಡೆಯಿಂದ ತಗೀತಿದ್ವು! ಗಿರಿಜಾನ ಮಾರಿ ಮ್ಯಾಲೆ ಎಷ್ಟೋ ದಿನದ ಮ್ಯಾಲೆ ನಗು ನೋಡಿದೆ. ನನಗೂ ಖುಷಿ ಆತು. ಖರೇನ ಆತು. ಆದ್ರ ಖುಷಿ ಆದ ಕೂಡ್ಲೆ ನನಗ ಸಂಶಯ ಬರ್ತೈತಿ, ಏನ ಮಾಡ್ಲಿ? ಕೇಳದ ಬಾಗಲಾ ರಿಪೇರಿ ಮಾಡ್ಯಾನಂದ್ರ, ಕೆಳಗಿಂದ ಏನರೆ ಛಲೋ ಸಾಮಾನು ಬಿಚ್ಚಿಕೊಂಡಿರಬೇಕು! ಗಿರಿಜಾ ಚೀಲ ತರಾಕ ಒಳಗ ಹೋದಾಗ, ಸಪ್ಪಳ ಮಾಡದ ಕಾರಿನ ಕೆಳಗ ತೂರಿ, ಅಂಗಾತ ಮಲಗಿ ಒಂದೊಂದ ಕಬ್ಬಿಣ ಬಾರಿಸಾಕ ಶುರು ಮಾಡಿದೆ. ಟಣ್. ಛಲೋ ಐತಿ. ಟಣ್. ಇದೂ ಐತಿ.

“ಸಾವಕಾರ್ರ ಎಲ್ಲಿ ಹೋದ್ರು?” ಅಂದ್ರು ದಸ್ತಗೀರಸಾಬ್ರು, ನನ್ನ ತಲಿ ಮ್ಯಾಲೆ.

ಸಿಕ್ಕಬಿದ್ದೆ ಅಂತ ಗಾಬರಿಯಾಗಿ ಗಪ್ಪನ ಎದ್ದು ಕುಂದ್ರಾಕ ಹೋದೆ. ಕಾರಿನ ಕೆಳಗ ಯಾರೂ ಎದ್ದು ಕುಂದ್ರಬಾರದು. ಹಣಿ ಕಬ್ಬಿಣಕ್ಕ ಬಡೀತು, ಕುತ್ತಿಗಿ ಕಟಕ್ ಅಂತು, ರೊಕ್ಕ ಕೊಟ್ಟೇನಲ್ಲಾ ಅಂತ ಇನ್ನೂ ಹಾಕ್ಕೊಂಡಿದ್ದ ಕುತ್ತಿಗಿ ಬೆಲ್ಟಿನ ಪಟ್ಟಿ ಯಾವುದೋ ಮೊಳಿಗೆ ಸಿಕ್ಕೊಂತು. ಹೊರಗ ಬರಾಕ ಬರವಲ್ದು, ಒಳಗ ಇರಾಕ ಆಗವಲ್ದು!

ಗಿರಿಜಾ ಬಂದು ಬಗ್ಗಿ ನೋಡಿದ್ಲು. “ಅಣ್ಣಾ, ಅವರ ಕಾಲು ಹಿಡದು ಎಳೀರಿ. ನನಗ ಹುಡುಗ್ರು ಕಾಯಾಕತ್ತಾರ,” ಅಂದ್ಲು. ಎಳದ್ರು. ಜೀವ ಐತಿ ಅಂತ ಖಾತ್ರಿ ಮಾಡಿಕೊಂಡು, ಹಣಿಗೆ ಅರಿಷಿಣ ಮೆತ್ತಿ, ಆಕಿ ತನ್ನ ಕಾರು ಹತ್ತಿ ಅಗಡಿಗೆ ಹೋದ್ಲು. ಇಂಜಿನ್ ಸಪ್ಪಳ ಭಾಳ ಛಲೋ ಇತ್ತು.

ದಸ್ತಗೀರಸಾಬ್ರು ನನ್ನನ್ನ ಒಂದು ಬಾಡಗಿ ಗಾಡಿಯೊಳಗ ಉದ್ದಕ ಮಲಗಿಸಿಕೊಂಡು ರಾಣೆಬೆನ್ನೂರಿಗೆ ಕರಕೊಂಡು ಹೋದ್ರು. ಡಾಕ್ಟರು ಎಕ್ಸರೇ ಬೆಳಕಿಗೆ ಹಿಡದು, “ಈ ಸಲ ಖರೇನ ಪೆಟ್ಟಾಗೈತಿ. ಯಾವ ಗಾಡಿ ಗುದ್ದಿತ್ರಿ?” ಅಂದ್ರು.

“ಗುದ್ದಿಲ್ರಿ,” ಅಂದೆ. “ಅದು ನಿಂತಿತ್ತು.”

ಡಾಕ್ಟರು ಎಕ್ಸರೇ ಕೆಳಗಿಟ್ಟು ನನ್ನ ಮಾರಿ ದಿಟ್ಟಿಸಿದ್ರು. ಆಮ್ಯಾಲೆ ಬೆರಳು ಮಡಚಿ, ಸಾವಕಾಶ, ನನ್ನ ತಲಿ ಬಾರಿಸಿ ನೋಡಿದ್ರು.