ಹನ್ನೊಂದು ಮೊಟ್ಟೆ, ಒಂದು ಕ್ಲಾರಿನೆಟ್

ಕಾವಿಗೆ ಕೂರಲು ಆ ಕೋಳಿಗೆ ಬೇರೆ ಜಾಗ ಇರಲಿಲ್ಲವೆಂದಲ್ಲ. ಹಿತ್ತಿಲಲ್ಲಿ ಗೂಡು ಇತ್ತು, ಸೌದೆ ಪೇರಿಸಿದ ಮೂಲೆ ಇತ್ತು. ಎಲ್ಲವನ್ನೂ ನೋಡಿ ಮೂಗು ಮುರಿದು, ಕೊನೆಗೆ ಮನೆಯ ಮುಂದಿನ ಕೋಣೆಯಲ್ಲಿದ್ದ ಗಡಿಯಾರದ ಅಂಗಡಿಗೆ ಬಂದು, ರಿಪೇರಿ ಮೇಜಿನ ಕೆಳಗಿದ್ದ ಬೆತ್ತದ ಬುಟ್ಟಿಯಲ್ಲಿ ಕೂತುಬಿಟ್ಟಿತ್ತು. ಅಂದಿನಿಂದ ಇಪ್ಪತ್ತು ದಿನ ಅಂಗಡಿಯ ಯಜಮಾನ ಸ್ಟೂಲಿನ ಮೇಲೆ ಚಕ್ಕಳಮಕ್ಕಳ ಹಾಕಿಕೊಂಡೇ ಕೆಲಸ ಮಾಡಿದ್ದ. ಕಾಲು ಕೆಳಗಿಟ್ಟರೆ ಕುಕ್ಕು ಬೀಳುತ್ತಿತ್ತು.

ಬೀದಿಯವರೆಲ್ಲ ಅವನನ್ನು ಕರೆಯುತ್ತಿದ್ದುದು ವಾಚಣ್ಣ ಎಂದು. ಕಣ್ಣು ಅಷ್ಟಕ್ಕಷ್ಟೇ, ಕಿವಿ ಮಾತ್ರ ಅಪರೂಪದ್ದು. ಕೈಗಡಿಯಾರವನ್ನು ಕಿವಿಗೆ ಹಿಡಿದರೆ ಸಾಕು, ಯಾವ ಚಕ್ರದ ಹಲ್ಲು ಸವೆದಿದೆ, ಎಲ್ಲಿ ಧೂಳು ಕೂತಿದೆ ಎಂದು ಹೇಳಿಬಿಡುತ್ತಿದ್ದ. ಆ ಕಿವಿಗೆ ಬೇಕಾದದ್ದು ಒಂದೇ, ಸದ್ದಿಲ್ಲದ ಮನೆ.

ಇಪ್ಪತ್ತೊಂದನೆಯ ದಿನ ಬೆಳಿಗ್ಗೆ ಹೆಂಡತಿ ತವರಿಗೆ ಹೊರಟು ನಿಂತಳು.

"ರೀ, ಇವತ್ತು ಮರಿ ಹೊರಗೆ ಬರೋ ದಿನ. ಹನ್ನೊಂದು ಮೊಟ್ಟೆ ಇದೆ, ಒಂದೊಂದರ ಮೇಲೂ ನಂಬರ್ ಬರ್ದಿದೀನಿ. ಮುಟ್ಬೇಡಿ. ಯಾರನ್ನೂ ಮುಟ್ಟೋಕೆ ಬಿಡ್ಬೇಡಿ. ಸುಮ್ನೆ ಕಾಯ್ತಾ ಕೂತಿರಿ, ಅಷ್ಟು ಸಾಕು."

"ಅದೇನು ಮಹಾ ಕೆಲಸ, ನೀನು ಹೋಗ್ಬಾ."

"ಹೋದ್ಸಲ ಹಾಲು ನೋಡ್ಕೊಳ್ಳಿ ಅಂತ ಹೇಳಿ ಹೋಗಿದ್ದೆ. ನೋಡ್ತಾನೇ ಇದ್ರಿ, ಅದು ಉಕ್ಕಿ ಹೋಯ್ತು. ನಿಮ್ಮೊಬ್ಬರ ಕೈಲಿ ಮನೆ ಬಿಟ್ಟು ಹೋಗೋಕೆ ನನಗೆ ಧೈರ್ಯ ಇಲ್ಲ. ಸಂಜೆ ನನ್ನ ತಮ್ಮನ್ನ ಕರ್ಕೊಂಡು ಬರ್ತೀನಿ. ನೀವು ಮೊಟ್ಟೆ ಕಾಪಾಡಿದ್ರೆ ಅವನು ಒಂದು ಲೋಟ ಚಹಾ ಕುಡ್ದು ವಾಪಸ್ ಹೋಗ್ತಾನೆ. ಇಲ್ದಿದ್ರೆ ಅವನ ಪೆಟ್ಟಿಗೆ ಒಳಗೆ ಬರುತ್ತೆ. ಮನೆಗೆ ಜವಾಬ್ದಾರಿ ಇರೋರು ಒಬ್ರಾದ್ರೂ ಬೇಕಲ್ಲ."

ಅವಳ ತಮ್ಮ ಬ್ಯಾಂಡಿನಲ್ಲಿ ಕ್ಲಾರಿನೆಟ್ ನುಡಿಸುತ್ತಿದ್ದವನು. ಬ್ಯಾಂಡು ಒಡೆದು ಮೂರು ತಿಂಗಳಾಗಿತ್ತು, ಅಭ್ಯಾಸ ಮಾತ್ರ ನಿಂತಿರಲಿಲ್ಲ. ಸೂರ್ಯ ಹುಟ್ಟುವ ಮೊದಲೇ ಶುರುವಾಗುವ ಆ ಕೀರಲು ಧ್ವನಿಯ ಪಕ್ಕದಲ್ಲಿ ಯಾವ ಗಡಿಯಾರದ ಎದೆಬಡಿತ ಕೇಳಿಸೀತು? ಅವನು ಮನೆಯೊಳಗೆ ಬಂದ ದಿನವೇ ಅಂಗಡಿ ಮುಚ್ಚಿದಂತೆ.

ಹತ್ತು ಗಂಟೆಯವರೆಗೆ ಎಲ್ಲ ಸುಗಮವಾಗಿ ನಡೆಯಿತು. ಹತ್ತಕ್ಕೆ ಕೋಳಿ ಎದ್ದು, ಮೈ ಕೊಡವಿ, ಹಿತ್ತಿಲಿಗೆ ಕಾಳು ತಿನ್ನಲು ಹೋಯಿತು. ವಾಚಣ್ಣ ಬಗ್ಗಿ ಬುಟ್ಟಿ ನೋಡಿದ. ಮೊಟ್ಟೆಗಳ ಮೇಲೆ ಹಿಕ್ಕೆ, ಹುಲ್ಲು, ಧೂಳು. ಮೂವತ್ತು ವರ್ಷ ಧೂಳಿನ ಜೊತೆ ಗುದ್ದಾಡಿದ ಜೀವ ಸುಮ್ಮನಿರುವುದುಂಟೇ? ಮುಟ್ಟಬೇಡಿ ಎಂದದ್ದು ನೆನಪಿತ್ತು. ಆದರೆ ಒರೆಸಬೇಡಿ ಎಂದು ಅವಳು ಹೇಳಿರಲಿಲ್ಲ. ಗಡಿಯಾರ ಒರೆಸುವ ಸ್ಪಿರಿಟ್ಟಿನಲ್ಲಿ ಹತ್ತಿ ಅದ್ದಿ ಒಂದೊಂದನ್ನೇ ಫಳಫಳ ಹೊಳೆಯಿಸಿದ. ಏಳು ಮೊಟ್ಟೆ ಮುಗಿದ ಮೇಲೆ ಹತ್ತಿಯೆಲ್ಲ ನೀಲಿಯಾಗಿದ್ದು ಕಂಡಿತು. ಹೆಂಡತಿಯ ನಂಬರುಗಳೆಲ್ಲ ಹತ್ತಿಗೆ ಬಂದಿದ್ದವು. ಏಳು ಅಳಿಸಿ ನಾಲ್ಕು ಉಳಿಸಿದರೆ ಇನ್ನೂ ಅನುಮಾನ ಎಂದುಕೊಂಡು ಉಳಿದವನ್ನೂ ಒರೆಸಿದ. ಹನ್ನೊಂದನೆಯದು ಕೈಯಿಂದ ಜಾರಿ ನೆಲಕ್ಕೆ ಬಿತ್ತು.

ಮೊದಲು ಸದ್ದು ಬಂತು, ಅದರ ಹಿಂದೆಯೇ ವಾಸನೆ ಬಂತು. ವಾಚಣ್ಣ ಮೂಗು ಹಿಡಿದುಕೊಂಡ. ಅದೇ ಹೊತ್ತಿಗೆ ವಾಪಸು ಬಂದ ಕೋಳಿ ಬಾಗಿಲಲ್ಲಿ ನಿಂತು ನೋಡಿತು, ಎಲ್ಲವನ್ನೂ ಅರ್ಥ ಮಾಡಿಕೊಂಡಂತೆ ಒಮ್ಮೆ ಕಿರುಚಿ, ಬೀದಿ ದಾಟಿ ಹಾರಿ, ಎದುರಿನ ಬೇಕರಿಯ ತಗಡಿನ ಸೂರು ಹತ್ತಿ ಕೂತಿತು.

ಕಿರುಚಾಟ ಕೇಳಿ ಪಕ್ಕದ ಇಸ್ತ್ರಿ ಅಂಗಡಿಯ ಅಕ್ಕ ಸೆರಗಿನಿಂದ ಮೂಗು ಮುಚ್ಚಿಕೊಂಡು ಬಂದಳು.

"ಅಯ್ಯೋ ವಾಚಣ್ಣ, ಏನಿದು ನಾತ! ಕೊಳೆತ ಮೊಟ್ಟೆ ಕಣಪ್ಪ ಇದು. ಹೋದ್ರೆ ಹೋಯ್ತು ಬಿಡು."

"ಕೊಳೆತಿರ್ಲಿ ಚೆನ್ನಾಗಿರ್ಲಿ ಅಕ್ಕಾ, ಹನ್ನೊಂದು ಬಿಟ್ಟು ಹೋಗಿದಾಳೆ, ಈಗ ಹತ್ತೇ ಇದೆ. ಸಂಜೆ ಕ್ಲಾರಿನೆಟ್ ಬರುತ್ತೆ! ದಮ್ಮಯ್ಯ, ಯಾರಿಗೂ ಹೇಳ್ಬೇಡ."

"ನಾನ್ಯಾಕೆ ಹೇಳ್ಲಿ?" ಎಂದ ಅಕ್ಕ ಕ್ಷೌರದಂಗಡಿಯವನಿಗೆ ಒಬ್ಬನಿಗೇ ಹೇಳಿದಳು. ಅವನು ಬೇಕರಿಯವನಿಗೆ ಒಬ್ಬನಿಗೇ ಹೇಳಿದ. ಐದು ನಿಮಿಷದಲ್ಲಿ ಮೂವರೂ ಅಂಗಡಿಯಲ್ಲಿದ್ದರು.

"ಮೊಟ್ಟೆ ತಣ್ಣಗಾಗ್ತಿದೆ!" ಎಂದು ಕ್ಷೌರಿಕ ಬಿಸಿ ಟವೆಲ್ ತಂದ.

"ಅದು ಒದ್ದೆ ಕಣೋ, ಮೊಟ್ಟೆಗೆ ಶೀತ ಆಗುತ್ತೆ," ಎಂದು ಅಕ್ಕ ಇಸ್ತ್ರಿ ಮಾಡಿದ ದುಪ್ಪಟಿ ತಂದಳು.

"ಸುಮ್ನೆ ನನ್ನ ಒಲೆ ಪಕ್ಕ ಇಡೋಣ," ಎಂದ ಬೇಕರಿಯವನು. ಅವನು ಬುಟ್ಟಿ ಎತ್ತಿದ ರೀತಿ ನೋಡಿಯೇ ವಾಚಣ್ಣ ಅದನ್ನು ಕಿತ್ತುಕೊಂಡ. ಬೇಕರಿಗೆ ಹೋದ ಮೊಟ್ಟೆ ಮೊಟ್ಟೆಯಾಗಿ ವಾಪಸು ಬಂದದ್ದನ್ನು ಅವನು ಕಂಡಿರಲಿಲ್ಲ.

ಕೊನೆಗೆ ಅವನೇ ಬೆಂಚಿನ ಮೇಲೆ ಅಂಗಾತ ಮಲಗಿ, ಹತ್ತೂ ಮೊಟ್ಟೆಗಳನ್ನು ಅಂಗಿಯೊಳಗೆ ಹೊಟ್ಟೆಯ ಮೇಲೆ ಇಟ್ಟುಕೊಂಡು, ಉಸಿರನ್ನು ಸಣ್ಣದಾಗಿ ಎಳೆಯತೊಡಗಿದ. ಗೋಡೆ ಗಡಿಯಾರ ಒಯ್ಯಲು ಬಂದ ಗಿರಾಕಿಯೊಬ್ಬ ಬಾಗಿಲಲ್ಲೇ ನಿಂತು, ಏರಿದ ಹೊಟ್ಟೆಯನ್ನೂ ಸುತ್ತ ನಿಂತ ಮೂವರನ್ನೂ ನೋಡಿ, "ಎಷ್ಟು ದಿನದಿಂದ ಹೀಗೆ?" ಎಂದು ಮೆಲ್ಲಗೆ ಕೇಳಿದ.

"ಇಪ್ಪತ್ತೊಂದು," ಎಂದಳು ಅಕ್ಕ. ಗಿರಾಕಿ ನಾಳೆ ಬರುತ್ತೇನೆಂದು ಹೊರಟುಹೋದ.

ಆದರೆ ಎಷ್ಟು ಹೊತ್ತು ಹೀಗೆ? ಕೋಳಿಯನ್ನು ಇಳಿಸಲೇಬೇಕಿತ್ತು. ಮೊಟ್ಟೆಗಳನ್ನು ಬುಟ್ಟಿಗೆ ಸೇರಿಸಿ, ದುಪ್ಪಟಿ ಹೊದಿಸಿ, ವಾಚಣ್ಣ ಬೇಕರಿಗೆ ಏಣಿ ಹಾಕಿದ.

"ನೀವು ಹೋಗಿ, ಬುಟ್ಟಿ ಚಿಂತೆ ಬಿಡಿ. ನಾವು ಸರದಿ ಮೇಲೆ ಕಾಯ್ತೀವಿ," ಎಂದು ಮೂವರೂ ಭರವಸೆ ಕೊಟ್ಟರು. ಆ ಭರವಸೆಯಲ್ಲಿ ಅತಿಯಾದ ಪ್ರೀತಿ ಕಂಡಿತಾದರೂ ವಾಚಣ್ಣನಿಗೆ ಯೋಚಿಸಲು ಪುರಸೊತ್ತಿರಲಿಲ್ಲ.

ಸೂರಿನ ಮೇಲೆ ಅವನು ಒಂದು ಹೆಜ್ಜೆ ಇಟ್ಟರೆ ಕೋಳಿ ಎರಡು ಹೆಜ್ಜೆ ಸರಿಯಿತು. "ಬಾ ತಾಯಿ, ನಿನ್ನ ಕಾಲಿಗೆ ಬೀಳ್ತೀನಿ," ಎಂದು ಬಗ್ಗಿದಾಗ ಕಾಲು ಜಾರಿ ತಗಡಿನ ಮೇಲೆ ನಿಜವಾಗಿಯೂ ಬಿದ್ದ. ಆಗ ಕೋಳಿ ಕೆಳಕ್ಕೆ ಹಾರಿ, ಗಂಭೀರವಾಗಿ ಬೀದಿ ದಾಟಿ, ಅಂಗಡಿಯೊಳಗೆ ಹೋಗಿ, ದುಪ್ಪಟಿ ಕೆದರಿ ಬುಟ್ಟಿಯಲ್ಲಿ ಕೂತಿತು. ಅಷ್ಟರಲ್ಲಿ ಬೇಕರಿಯವನು, ಕೋಳಿ ಇಳಿಯಿತಲ್ಲ ಎಂದು, ಏಣಿ ತೆಗೆದು ಒಳಗಿಟ್ಟಿದ್ದ. ಬಿಸಿಲಿಗೆ ಕಾದ ತಗಡಿನ ಮೇಲೆ ಗಂಟಲು ಹರಿಯುವಂತೆ ಕೂಗಿ ಕೂಗಿ ವಾಚಣ್ಣ ಕೆಳಗಿಳಿದಾಗ ನಾಲ್ಕು ಗಂಟೆ.

ಐದೂವರೆಗೆ ಹೆಂಡತಿ ಬಂದಳು. ಹಿಂದೆ ಅವಳ ತಮ್ಮ, ಅವನ ಕಂಕುಳಲ್ಲಿ ಉದ್ದನೆಯ ಕಪ್ಪು ಪೆಟ್ಟಿಗೆ. ನೆರೆಯ ಮೂವರೂ ಕೆಲಸ ಬಿಟ್ಟು ಬಾಗಿಲಲ್ಲಿ ಸೇರಿದರು. ಹೆಂಡತಿ ಕೋಳಿಯ ಹೊಟ್ಟೆಯಡಿ ಕೈ ಹಾಕಿ ಎಣಿಸಿದಳು. ಇನ್ನೊಮ್ಮೆ ಎಣಿಸಿದಳು.

"ಹದಿಮೂರು!"

ವಾಚಣ್ಣ ಬಾಗಿಲ ಕಡೆ ನೋಡಿದ. ಅಕ್ಕ ಸೆರಗಿನ ತುದಿ ನೋಡುತ್ತಿದ್ದಳು, ಬೇಕರಿಯವನು ಸೂರು ನೋಡುತ್ತಿದ್ದ. ಕ್ಷೌರಿಕ ಕೆಮ್ಮಿದ.

"ಒಂದು ಕಮ್ಮಿ ಅಂದ್ರಲ್ಲ ವಾಚಣ್ಣ, ಪಾಪ ಅನ್ನಿಸ್ತು. ತಲೆಗೆ ಹಚ್ಚೋಕೆ ಇಟ್ಟಿದ್ದ ಮೊಟ್ಟೆ ಒಂದು ಇಟ್ಟೆ. ಇವರೂ ಇಡ್ತಾರೆ ಅಂತ ನನಗೇನು ಗೊತ್ತು?"

"ಹಾಗಾದ್ರೆ ನಮ್ಮದು ಯಾವುದು, ಅಂಗಡಿದು ಯಾವುದು? ನಂಬರ್ ಎಲ್ಲಿ ರೀ?"

"ಒರೆಸ್ದೆ. ಕೊಳೆಯಾಗಿತ್ತು."

ಹೆಂಡತಿ ತಮ್ಮನ ಕಡೆ ತಿರುಗಿದಳು. ತಮ್ಮ ಪೆಟ್ಟಿಗೆ ಎತ್ತಿಕೊಂಡು ಹೊಸಿಲಿಗೆ ಒಂದು ಕಾಲಿಟ್ಟ.

"ತಡಿ!" ಎಂದ ವಾಚಣ್ಣ. ತನ್ನ ದನಿ ಇಷ್ಟು ದೊಡ್ಡದೆಂದು ಅವನಿಗೇ ಗೊತ್ತಿರಲಿಲ್ಲ.

ಗೋಡೆಯ ಮೇಲಿನ ಹದಿನಾಲ್ಕು ಗಡಿಯಾರಗಳನ್ನೂ ಒಂದೊಂದಾಗಿ ನಿಲ್ಲಿಸಿದ. ಅಂಗಡಿ ಶುರುವಾದಾಗಿನಿಂದ ಅಲ್ಲಿ ಅಂಥ ಮೌನ ಇರಲಿಲ್ಲ. ನೆಲದ ಮೇಲೆ ಕೂತು, ಕೋಳಿಯ ಕುಕ್ಕನ್ನು ಲೆಕ್ಕಿಸದೆ, ಮೊದಲ ಮೊಟ್ಟೆಯನ್ನು ಕಿವಿಗೆ ಹಿಡಿದ. ಒಳಗೆ ಎಲ್ಲೋ ದೂರದಲ್ಲಿ ಯಾರೋ ಬಾಗಿಲು ತಟ್ಟುತ್ತಿದ್ದರು. ಟಿಕ್. ಟಿಕ್. ಮೂವತ್ತು ವರ್ಷ ಏನೆಲ್ಲ ಕೇಳಿದ್ದ ಆ ಕಿವಿ ಇಂಥದ್ದನ್ನು ಕೇಳಿರಲಿಲ್ಲ. ಅವನ ಕಣ್ಣು ತುಂಬಿ ಬಂತು.

"ಇದು ನಮ್ಮದು," ಎಂದ ಮೆಲ್ಲಗೆ. "ಇದೂ ನಮ್ಮದು. ಇದು ಮೂಕ, ಬೇಕರಿಗೆ ಕೊಡು. ಇದು ಸ್ವಲ್ಪ ಸೋಮಾರಿ, ಆದ್ರೂ ನಮ್ಮದೇ."

ಹತ್ತು ಮೊಟ್ಟೆ ಈ ಕಡೆ, ಮೂರು ಆ ಕಡೆ. ಹತ್ತನೆಯದನ್ನು ಇಡುತ್ತಿದ್ದಂತೆಯೇ ಮೊದಲನೆಯದರ ಚಿಪ್ಪು ಬಿರುಕು ಬಿಟ್ಟು ಪುಟ್ಟ ಕೊಕ್ಕೊಂದು ಇಣುಕಿತು. ಆಮೇಲೆ ಇನ್ನೊಂದು.

"ಹನ್ನೊಂದನೇದು ಬೆಳಿಗ್ಗೆ ನನ್ನ ಕೈಯಿಂದ ಬಿತ್ತು," ಎಂದು ವಾಚಣ್ಣ ತಲೆ ತಗ್ಗಿಸಿದ.

"ಗೊತ್ತು. ಬೀದಿ ತಿರುವಿನಲ್ಲೇ ವಾಸನೆ ಬಂತು," ಎಂದಳು ಹೆಂಡತಿ. ಅವಳ ಕಣ್ಣೂ ಒದ್ದೆಯಾಗಿತ್ತು. "ಕೊಳೆತದ್ದಕ್ಕೆ ನಿಮ್ಮನ್ನ ಬೈಯೋಷ್ಟು ಕೆಟ್ಟವಳಲ್ಲ ನಾನು. ಜೀವ ಇದ್ದದ್ದನ್ನೆಲ್ಲ ಉಳಿಸಿದ್ರಲ್ಲ. ಒಪ್ಕೊಂಡೆ, ನೀವೊಬ್ರೇ ಮನೆ ನೋಡ್ಕೋತೀರ. ತಮ್ಮಾ, ಚಹಾ ಕುಡ್ದು ಹೊರಡೋ."

ವಾಚಣ್ಣನಿಗೆ ಕೋಳಿಯನ್ನೇ ಅಪ್ಪಿಕೊಳ್ಳಬೇಕೆನಿಸಿತು.

ತಮ್ಮ ಮಾತ್ರ ಕದಲಲಿಲ್ಲ. ಅವನು ಬಾಯಿ ತೆರೆದುಕೊಂಡು ವಾಚಣ್ಣನ ಕಿವಿಯನ್ನೇ ನೋಡುತ್ತಿದ್ದ.

"ಭಾವ," ಎಂದ ಹತ್ತಿರ ಬಂದು, "ಮೊಟ್ಟೆಯೊಳಗಿನ ಸದ್ದು ಕೇಳ್ಸುತ್ತಾ ನಿಮಗೆ? ನಮ್ಮ ಬ್ಯಾಂಡ್ ಒಡ್ದಿದ್ದು ಯಾಕೆ ಗೊತ್ತಾ? ನನ್ನ ಸ್ವರ ಎಲ್ಲೋ ತಪ್ಪುತ್ತೆ ಅಂತಿದ್ರು, ಎಲ್ಲಿ ಅಂತ ಹೇಳೋ ಕಿವಿ ಒಬ್ಬರಿಗೂ ಇರ್ಲಿಲ್ಲ. ಇಂಥ ಗುರುಗಳನ್ನ ಮನೆಯಲ್ಲೇ ಇಟ್ಕೊಂಡು ನಾನು ಊರೆಲ್ಲ ಹುಡುಕ್ದೆ! ಇನ್ನು ಇಲ್ಲೇ ಇರ್ತೀನಿ. ದಿನಾ ಬೆಳಿಗ್ಗೆ ನಿಮ್ಮ ಕಿವಿ ಪಕ್ಕದಲ್ಲೇ ಕೂತು ನುಡಿಸ್ತೀನಿ."

ವಾಚಣ್ಣ ಹೆಂಡತಿಯ ಮುಖ ನೋಡಿದ. "ನಮ್ಮ ಮಾತು..."

"ಮನೆ ನೋಡ್ಕೊಳ್ಳೋಕೆ ಅವನು ಬೇಡ ಅಂತ ತಾನೇ ನಮ್ಮ ಮಾತು? ವಿದ್ಯೆ ಕೇಳಿ ಬಂದೋರನ್ನ ಹೇಗ್ರೀ ಕಳಿಸೋದು?" ಎಂದು ಅವಳು ಪೆಟ್ಟಿಗೆಯನ್ನು ತಾನೇ ಒಳಗೆ ತಂದಿಟ್ಟಳು.

"ನಾವೂ ದಿನಾ ಬಂದು ಕೇಳ್ತೀವಿ," ಎಂದು ಬಾಗಿಲಲ್ಲಿದ್ದ ಮೂವರೂ ಚಪ್ಪಾಳೆ ತಟ್ಟಿದರು.

ಭಾವಮೈದ ಅಲ್ಲೇ ನಿಂತು ಕ್ಲಾರಿನೆಟ್ ಜೋಡಿಸಿ, ಕೆನ್ನೆ ಉಬ್ಬಿಸಿ ಮೊದಲ ಸ್ವರ ಊದಿದ. ಮೇಜಿನ ಕೆಳಗೆ ಕೋಳಿ ಗಡಬಡಿಸಿ ಎರಡೂ ರೆಕ್ಕೆ ಹರಡಿ ಮರಿಗಳನ್ನೂ ಮೊಟ್ಟೆಗಳನ್ನೂ ಮುಚ್ಚಿತು, ತನ್ನ ತಲೆಯನ್ನೂ ಒಳಗೆ ಎಳೆದುಕೊಂಡಿತು. ವಾಚಣ್ಣ ಬೆಳಗಿನ ನೀಲಿ ಹತ್ತಿಯನ್ನು ಹುಡುಕಿ ಎರಡು ಉಂಡೆ ಮಾಡತೊಡಗಿದ.

"ಹತ್ತಿ ಬಿಸಾಕಿ ಭಾವ," ಎಂದ ಶಿಷ್ಯ. "ಈಗ ಊದಿದ್ದರಲ್ಲಿ ತಪ್ಪೆಲ್ಲಿತ್ತು, ಹೇಳಿ. ಗೊತ್ತಾಗ್ಲಿಲ್ವಾ? ಇರ್ಲಿ, ಮೊದಲಿಂದ ಊದ್ತೀನಿ."